ಬ್ರಿಟನ್‌ನ ಬಾಡಿಗೆ ಮನೆ, ಗೋಡೆಯ ಬಾಯ್ಲರ್ ಮತ್ತು 60 ಡಿಗ್ರಿಯ ಲೆಕ್ಕ

ನವೆಂಬರ್ ತಿಂಗಳು. ಮಂಜೇಶ್ವರದ ಮನೆಯಲ್ಲಿ ರಾತ್ರಿ ಹತ್ತೂವರೆ, ಫ್ಯಾನ್ ತಿರುಗುತ್ತಿದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಗ ಸಂಜೆ ಐದು ಗಂಟೆ. ವಿಡಿಯೊ ಕಾಲ್‌ನಲ್ಲಿ ಕಾಣುವ ಮಗ ಜಾಕೆಟ್ ಹಾಕಿ, ತಲೆಗೆ ಉಣ್ಣೆಯ ಟೊಪ್ಪಿ ಎಳೆದುಕೊಂಡು ಕುಳಿತಿದ್ದಾನೆ. "ಎಲ್ಲಿಗೆ ಹೊರಟದ್ದು ಮೋನೇ?" ಎಂದು ಉಮ್ಮ ಕೇಳುತ್ತಾರೆ. "ಎಲ್ಲಿಗೂ ಇಲ್ಲ ಉಮ್ಮ, ರೂಮಲ್ಲೇ ಇದ್ದೇನೆ." "ಮತ್ತೆ ಹೀಟರ್ ಇಲ್ವಾ ಅಲ್ಲಿ?" "ಉಂಟು. ಗ್ಯಾಸ್ ಬಿಲ್ ಜಾಸ್ತಿ ಬರ್ತದೆ ಅಂತ ಹಾಕ್ಲಿಲ್ಲ."

ಮಂಗಳೂರು, ಉಳ್ಳಾಲ, ಉಪ್ಪಳ, ಕಾಸರಗೋಡು ಕಡೆಯಿಂದ ಮಕ್ಕಳನ್ನು ಓದಲು, ದುಡಿಯಲು ಬ್ರಿಟನ್‌ಗೆ ಕಳುಹಿಸಿದ ಮನೆಗಳಿಗೆ ಈ ಮಾತುಕತೆ ಹೊಸದಲ್ಲ. ಫೀಸು ಕಟ್ಟಿ, ಬಾಡಿಗೆ ಕೊಟ್ಟು, ಪಾರ್ಟ್‌ಟೈಮ್ ಕೆಲಸದಲ್ಲಿ ದಿನ ದೂಡುವ ಹುಡುಗರು ಮೊದಲು ಕೈ ಹಾಕುವುದು ಹೀಟಿಂಗ್ ಮೇಲೆ. ಕೋಣೆಯ ಥರ್ಮೋಸ್ಟಾಟ್ ಅನ್ನು 14ಕ್ಕೋ 15ಕ್ಕೋ ಇಳಿಸಿ, ಸಂಜೆ ಒಂದು ಗಂಟೆ ಮಾತ್ರ ಹಾಕಿ, ಉಳಿದ ಹೊತ್ತು ಕಂಬಳಿಯೊಳಗೆ ಸೇರಿಕೊಳ್ಳುತ್ತಾರೆ. ಆದರೆ ಅದೇ ಮನೆಯ ಅಡುಗೆ ಕೋಣೆಯ ಗೋಡೆಯಲ್ಲಿರುವ ಬಾಯ್ಲರ್‌ನ ಮುಖವನ್ನು ಯಾರೂ ನೋಡಿರುವುದಿಲ್ಲ. ಅಲ್ಲಿ ಇನ್ನೊಂದು ಸಂಖ್ಯೆ ಇದೆ. ಬಾಯ್ಲರ್ ಕೂರಿಸಿದ ದಿನ ಯಾರೋ 75ಕ್ಕೋ 80ಕ್ಕೋ ಇಟ್ಟದ್ದು ಇವತ್ತಿಗೂ ಅಲ್ಲೇ ಇರುತ್ತದೆ. ಅಂದರೆ ಇಳಿಸಬಾರದ ಸಂಖ್ಯೆಯನ್ನು ಇಳಿಸಿ ಚಳಿ ತಿನ್ನುವುದು, ಇಳಿಸಬೇಕಾದ ಸಂಖ್ಯೆಯನ್ನು ಹಾಗೇ ಬಿಟ್ಟು ಗ್ಯಾಸ್ ಸುಡುವುದು.

ಬಚ್ಚಲಿನ ಹಂಡೆಯಲ್ಲ, ಗೀಸರೂ ಅಲ್ಲ

ಬಾಯ್ಲರ್ ಎಂದರೆ ನಮ್ಮ ಊರಿನವರ ಕಣ್ಣ ಮುಂದೆ ಬರುವುದು ಬಚ್ಚಲಿನ ತಾಮ್ರದ ಹಂಡೆ, ಇಲ್ಲವೇ ಸ್ನಾನದ ನೀರು ಕಾಯಿಸುವ ಗೀಸರ್. ಬ್ರಿಟನ್‌ನ ಬಾಯ್ಲರ್‌ನ ಮುಖ್ಯ ಕೆಲಸ ಬೇರೆ. ಅದು ಮನೆಯನ್ನೇ ಕಾಯಿಸುವ ಯಂತ್ರ. ಅಲ್ಲಿನ ಬಹುಪಾಲು ಮನೆಗಳಿಗೆ ರಸ್ತೆಯ ಅಡಿಯಿಂದ ಪೈಪ್‌ನಲ್ಲಿ ಗ್ಯಾಸ್ ಬರುತ್ತದೆ. ಬಾಯ್ಲರ್ ಅದನ್ನು ಉರಿಸಿ ನೀರನ್ನು ಬಿಸಿ ಮಾಡಿ, ಪಂಪ್ ಮೂಲಕ ಪ್ರತಿ ಕೋಣೆಯ ಗೋಡೆಗೆ ಅಂಟಿಕೊಂಡಿರುವ ಕಬ್ಬಿಣದ ರೇಡಿಯೇಟರ್‌ಗಳಿಗೆ ಕಳುಹಿಸುತ್ತದೆ. ರೇಡಿಯೇಟರ್ ಕೋಣೆಗೆ ಶಾಖ ಬಿಟ್ಟ ಮೇಲೆ, ತಣಿದ ಅದೇ ನೀರು ಮತ್ತೆ ಬಾಯ್ಲರ್‌ಗೆ ಬರುತ್ತದೆ. ಈ ನೀರು ಖರ್ಚಾಗುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಹೊರಡುವಾಗ ನೀರು ಎಷ್ಟು ಬಿಸಿ ಇರುತ್ತದೋ ಅದಕ್ಕೆ ಫ್ಲೋ ಟೆಂಪರೇಚರ್ ಎನ್ನುತ್ತಾರೆ. ಮರಳಿ ಬರುವಾಗಿನದ್ದು ರಿಟರ್ನ್ ಟೆಂಪರೇಚರ್. ಈ ಎರಡು ಹೆಸರು ನೆನಪಿದ್ದರೆ ಸಾಕು, ಉಳಿದದ್ದೆಲ್ಲ ಸುಲಭ.

ಈಗಿನ ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಇರುವುದು ಕಾಂಬಿ ಬಾಯ್ಲರ್. ರೇಡಿಯೇಟರ್‌ಗೂ ಅದೇ, ನಲ್ಲಿಯ ಬಿಸಿ ನೀರಿಗೂ ಅದೇ. ನಲ್ಲಿ ತಿರುಗಿಸಿದ ಕೂಡಲೇ ಉರಿ ಹತ್ತಿ, ಹರಿಯುವ ನೀರನ್ನು ಆ ಕ್ಷಣವೇ ಕಾಯಿಸಿ ಕೊಡುತ್ತದೆ. ನೀರು ಶೇಖರಿಸುವ ಟ್ಯಾಂಕ್ ಇರುವುದಿಲ್ಲ. ಹೀಗಾಗಿ ಒಂದು ಮನೆಯಲ್ಲಿ ಮೂರು ಬೇರೆ ಬೇರೆ ಉಷ್ಣತೆಗಳನ್ನು ನಿಗದಿ ಮಾಡಬಹುದು. ಒಂದು, ಕೋಣೆ ಎಷ್ಟು ಬೆಚ್ಚಗಿರಬೇಕು ಎನ್ನುವುದು. ಇದನ್ನು ಹಾಲ್‌ನಲ್ಲೋ ಕಾರಿಡಾರ್‌ನಲ್ಲೋ ಇರುವ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ಎರಡು, ರೇಡಿಯೇಟರ್‌ಗೆ ಹೋಗುವ ನೀರು ಎಷ್ಟು ಬಿಸಿ ಇರಬೇಕು ಎನ್ನುವುದು. ಇದು ಬಾಯ್ಲರ್ ಮೇಲೆ ರೇಡಿಯೇಟರ್‌ನ ಚಿತ್ರವಿರುವ ಗುಂಡಿ. ಮೂರು, ನಲ್ಲಿಯ ನೀರು ಎಷ್ಟು ಬಿಸಿ ಇರಬೇಕು ಎನ್ನುವುದು. ಅದು ನಲ್ಲಿಯ ಚಿತ್ರವಿರುವ ಗುಂಡಿ.

ಗಲ್ಫ್‌ನಲ್ಲಿ ದುಡಿದವರಿಗೆ ಇದರ ಅರ್ಧ ಪಾಠ ಮೊದಲೇ ಗೊತ್ತು. ಜುಲೈ ತಿಂಗಳಲ್ಲಿ ದುಬೈಯ ರೂಮಿಗೆ ಬಂದವರು ಎಸಿಯನ್ನು 16ಕ್ಕೆ ಇಡುತ್ತಾರೆ, ಬೇಗ ತಂಪಾಗಲಿ ಎಂದು. ಸಾಮಾನ್ಯ ಎಸಿ 24ಕ್ಕೆ ಇಟ್ಟರೂ 16ಕ್ಕೆ ಇಟ್ಟರೂ ಆರಂಭದಲ್ಲಿ ಅದೇ ವೇಗದಲ್ಲಿ ತಂಪು ಮಾಡುತ್ತದೆ; 16ಕ್ಕೆ ಇಟ್ಟರೆ ನಿಲ್ಲದೆ ಓಡುತ್ತದೆ, ಅಷ್ಟೇ. ಚಳಿಯ ದೇಶದಲ್ಲಿ ಥರ್ಮೋಸ್ಟಾಟನ್ನು 28ಕ್ಕೆ ತಿರುಗಿಸುವುದೂ ಅದೇ ತಪ್ಪು. ಕೋಣೆ ಬೇಗ ಕಾಯುವುದಿಲ್ಲ, ಮರೆತುಹೋದರೆ ಮಾತ್ರ ಮಧ್ಯರಾತ್ರಿ ಬೆವರಿ ಏಳಬೇಕಾಗುತ್ತದೆ. ಉಳಿದ ಅರ್ಧ ಪಾಠ ಎಸಿಯಲ್ಲಿ ಇಲ್ಲದ್ದು. ಅದೇ ಫ್ಲೋ ಟೆಂಪರೇಚರ್.

ಹೊಗೆಯಲ್ಲಿ ಹೋಗುವ ಹಬೆ

ಪುಂಡಿ ಬೇಯಿಸುವ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಹಬೆ ತಾಗಿದರೆ ಹೇಗೆ ಸುಡುತ್ತದೆ ಎಂದು ಅಡುಗೆ ಮಾಡುವವರೆಲ್ಲರಿಗೂ ಗೊತ್ತು. ಬಿಸಿ ನೀರಿಗಿಂತ ಹಬೆಯ ಸುಡು ಜೋರು. ಕಾರಣ, ಹಬೆ ಚರ್ಮದ ಮೇಲೆ ಮತ್ತೆ ನೀರಾಗುವಾಗ ತನ್ನೊಳಗೆ ಇಟ್ಟುಕೊಂಡಿದ್ದ ಶಾಖವನ್ನೆಲ್ಲ ಒಮ್ಮೆಗೇ ಬಿಟ್ಟುಕೊಡುತ್ತದೆ. ಈಗಿನ ಬಾಯ್ಲರ್‌ಗಳು ಇದೇ ಗುಣವನ್ನು ಬಳಸಿಕೊಳ್ಳುತ್ತವೆ.

ಗ್ಯಾಸ್ ಉರಿದಾಗ ಹೊಗೆಯ ಜತೆ ನೀರಿನ ಆವಿಯೂ ಹುಟ್ಟುತ್ತದೆ. ಒಂದು ಘನ ಮೀಟರ್ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರಾಗುವಷ್ಟು ಆವಿ. ಗ್ಯಾಸ್‌ನಲ್ಲಿರುವ ಒಟ್ಟು ಶಾಖದಲ್ಲಿ ಹತ್ತರಲ್ಲಿ ಒಂದು ಪಾಲು ಈ ಆವಿಯೊಳಗೆ ಕೂತಿರುತ್ತದೆ. ಹಳೆಯ ಬಾಯ್ಲರ್‌ಗಳಲ್ಲಿ ಅದು ಚಿಮಣಿಯಿಂದ ಹೊರಗೆ ಹೋಗಿ ಊರನ್ನು ಕಾಯಿಸುತ್ತಿತ್ತು. ಕಂಡೆನ್ಸಿಂಗ್ ಬಾಯ್ಲರ್ ಹೊಗೆಯನ್ನು ಹೊರಗೆ ಬಿಡುವ ಮೊದಲು, ರೇಡಿಯೇಟರ್‌ಗಳಿಂದ ತಣಿದು ಬಂದ ನೀರಿನ ಕೊಳವೆಗೆ ಅದನ್ನು ತಾಗಿಸುತ್ತದೆ. ಆವಿ ಅಲ್ಲಿ ನೀರಾಗುತ್ತದೆ, ಶಾಖ ಮನೆಗೆ ಸಿಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಎಪ್ರಿಲ್‌ನಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್ ಇದೇ ಬಗೆಯದ್ದಾಗಿರಬೇಕು ಎಂಬ ನಿಯಮವಿದೆ. ಹಾಗಾಗಿ ಈಗ ಬಾಡಿಗೆಗೆ ಸಿಗುವ ಹೆಚ್ಚಿನ ಮನೆಗಳಲ್ಲಿ ಇರುವುದು ಕಂಡೆನ್ಸಿಂಗ್ ಬಾಯ್ಲರೇ.

ಆದರೆ ಒಂದು ಷರತ್ತು ಉಂಟು. ಆವಿ ನೀರಾಗಬೇಕಾದರೆ, ಅದು ತಾಗುವ ಕೊಳವೆ ತಣ್ಣಗಿರಬೇಕು. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಈ ಕೆಲಸ ಶುರುವಾಗುತ್ತದೆ. ಇನ್ನೂ ಕೆಳಗಿಳಿದಷ್ಟೂ ಲಾಭ ಹೆಚ್ಚು. ನೀರನ್ನು 80 ಡಿಗ್ರಿಗೆ ಕಾಯಿಸಿ ಕಳುಹಿಸಿದರೆ ಅದು ಮನೆ ಸುತ್ತಿ ಬರುವಾಗಲೂ 60ರ ಮೇಲೇ ಇರುತ್ತದೆ. ಆವಿ ಆವಿಯಾಗಿಯೇ ಹೊರಗೆ ಹೋಗುತ್ತದೆ. ಮನೆ ಮಾಲಕ ದುಡ್ಡು ಕೊಟ್ಟು ತಂದದ್ದು ಕಂಡೆನ್ಸಿಂಗ್ ಬಾಯ್ಲರ್, ಕೆಲಸ ಮಾಡುತ್ತಿರುವುದು ಹಳೆ ಬಾಯ್ಲರ್‌ನ ಹಾಗೆ. ಅದೇ 60ಕ್ಕೆ ಇಟ್ಟರೆ ಮರಳುವ ನೀರು 45–50ರ ಆಸುಪಾಸು ಬರುತ್ತದೆ. ಬಾಯ್ಲರ್‌ನ ಮೇಲೆ ಅಂಟಿಸಿದ 'ಎ' ದರ್ಜೆಯ ಲೇಬಲ್‌ಗೆ ಆಗಲೇ ಅರ್ಥ ಬರುವುದು.

ಇದು ಯಾರದೋ ಮನೆಯ ಪ್ರಯೋಗವಲ್ಲ. 2022ರಲ್ಲಿ ಗ್ಯಾಸ್ ದರ ಏರಿ ಬ್ರಿಟನ್‌ನ ಮನೆಗಳು ತತ್ತರಿಸಿದಾಗ, ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಸರಕಾರವೇ ಪ್ರಚಾರ ಆರಂಭಿಸಿ, ಫ್ಲೋ ಟೆಂಪರೇಚರ್ ಅನ್ನು 75ರಿಂದ 60ಕ್ಕೆ ಇಳಿಸಿ, ವರ್ಷಕ್ಕೆ ಸುಮಾರು 100 ಪೌಂಡ್ ಉಳಿಯಬಹುದು ಎಂದು ಹೇಳಿತ್ತು. ಅದು ಅಂದಿನ ದರದ ಲೆಕ್ಕ, ಒಂದು ಸಾಮಾನ್ಯ ಮನೆಯ ಲೆಕ್ಕ. ಸಣ್ಣ ಫ್ಲಾಟ್‌ನಲ್ಲಿ ಉಳಿಯುವುದು ಕಡಿಮೆ. ಅದೇ ವರ್ಷದ ಜೂನ್‌ನಿಂದ ಇಂಗ್ಲೆಂಡಿನ ಕಟ್ಟಡ ನಿಯಮಗಳೂ ಬದಲಾದವು. ಹೊಸದಾಗಿ ಅಥವಾ ಪೂರ್ತಿ ಬದಲಿಸಿ ಹಾಕುವ ಹೀಟಿಂಗ್ ವ್ಯವಸ್ಥೆಯನ್ನು ಸಾಧ್ಯವಿದ್ದಲ್ಲೆಲ್ಲ 55 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಓಡುವ ಹಾಗೆ ರೂಪಿಸಬೇಕು.

ಮನೆಯ ಬಾಯ್ಲರ್ ಕಂಡೆನ್ಸಿಂಗ್ ಹೌದೋ ಅಲ್ಲವೋ ಎಂದು ತಿಳಿಯಲು ಎಂಜಿನಿಯರ್ ಬೇಕಾಗಿಲ್ಲ. ಬಾಯ್ಲರ್‌ನ ಅಡಿಯಿಂದ ಒಂದು ಸಣ್ಣ ಪ್ಲಾಸ್ಟಿಕ್ ಪೈಪ್ ಹೊರಟು ಸಿಂಕ್‌ನ ಕೊಳವೆಗೋ ಹೊರಗಿನ ಚರಂಡಿಗೋ ಸೇರಿದ್ದರೆ ಅದು ಕಂಡೆನ್ಸಿಂಗ್. ಆವಿ ನೀರಾಗಿ ಹರಿದು ಹೋಗುವ ದಾರಿ ಅದು. ಆ ಪೈಪ್ ಇಲ್ಲದ ತೀರಾ ಹಳೆಯ ಬಾಯ್ಲರ್ ಆಗಿದ್ದರೆ ಅದರ ಉಷ್ಣತೆ ಇಳಿಸಲು ಹೋಗಬಾರದು. ಹೊಗೆಯಿಂದ ಇಳಿಯುವ ನೀರು ಹುಳಿ ಗುಣದ್ದು, ಅದನ್ನು ತಡೆಯುವ ಲೋಹ ಹಳೆಯ ಬಾಯ್ಲರ್‌ನಲ್ಲಿ ಇರುವುದಿಲ್ಲ, ಒಳಗಿನಿಂದ ತುಕ್ಕು ತಿನ್ನುತ್ತದೆ.

ಗುಂಡಿ ತಿರುಗಿಸುವ ಮೊದಲು

ಮೊದಲು ಬಾಯ್ಲರ್‌ನ ಮುಖದ ಒಂದು ಫೋಟೊ ತೆಗೆದಿಡಿ. ಏನಾದರೂ ಹೆಚ್ಚುಕಮ್ಮಿ ಆದರೆ ಮೊದಲಿದ್ದ ಹಾಗೆ ಮಾಡಬಹುದು. ಡಿಜಿಟಲ್ ಪರದೆ ಇದ್ದರೆ ರೇಡಿಯೇಟರ್ ಚಿತ್ರದ ಪಕ್ಕದ ಪ್ಲಸ್ ಮೈನಸ್ ಒತ್ತಿದಾಗ ಸಂಖ್ಯೆ ಕಾಣುತ್ತದೆ. ಕೆಲವು ಬಾಯ್ಲರ್‌ಗಳಲ್ಲಿ ಡಿಗ್ರಿ ಇರುವುದಿಲ್ಲ, ಬರೀ ಒಂದರಿಂದ ಆರು, ಇಲ್ಲವೇ ಕಡಿಮೆಯಿಂದ ಹೆಚ್ಚು ಎಂಬ ಗೆರೆ ಮಾತ್ರ. ಆಗ ಮಾಡೆಲ್ ಹೆಸರಿನ ಮೇಲೆ ಕಂಪೆನಿಯ ಕೈಪಿಡಿಯನ್ನು ಹುಡುಕಿ ಯಾವ ಗೆರೆ ಎಷ್ಟು ಡಿಗ್ರಿ ಎಂದು ನೋಡಿಕೊಳ್ಳಬೇಕು. ಬಾಡಿಗೆದಾರರು ಮುಟ್ಟಬೇಕಾದ್ದು ಈ ಹೊರಗಿನ ಗುಂಡಿಗಳನ್ನು ಮಾತ್ರ. ಮುಚ್ಚಳ ಬಿಚ್ಚುವುದು, ಎಂಜಿನಿಯರ್‌ಗಳ ಒಳ ಮೆನುವಿಗೆ ಹೋಗುವುದು ನಮ್ಮ ಕೆಲಸವಲ್ಲ. ಗುಂಡಿ ಇಳಿಸಿದ್ದನ್ನು ಮನೆ ಮಾಲಕರಿಗೆ ಒಂದು ಮೆಸೇಜ್‌ನಲ್ಲಿ ಹೇಳಿಬಿಟ್ಟರೆ ಮುಂದೆ ಮಾತು ಬರುವುದಿಲ್ಲ.

80ರಲ್ಲಿದ್ದದ್ದನ್ನು ಮೊದಲು 70ಕ್ಕೆ ತನ್ನಿ. ಎರಡು ದಿನ ನೋಡಿ. ಆಮೇಲೆ 65, ಆಮೇಲೆ 60. ಅಕ್ಟೋಬರ್, ಎಪ್ರಿಲ್‌ನಂತಹ ಹದವಾದ ದಿನಗಳಲ್ಲಿ 55 ಕೂಡ ಸಾಕಾಗುತ್ತದೆ. ಜನವರಿಯ ಹಿಮದ ವಾರದಲ್ಲಿ 60 ಸಾಲದೆ ಬರಬಹುದು. ಮನೆಯ ಅತಿ ತಣ್ಣನೆಯ ಕೋಣೆ, ಅಂದರೆ ಮಾಡಿನ ಅಡಿಯದ್ದೋ ಬಡಗು ದಿಕ್ಕಿನದ್ದೋ, ಗಂಟೆಗಟ್ಟಲೆ ಹೀಟಿಂಗ್ ಓಡಿದರೂ 18 ಮುಟ್ಟದಿದ್ದರೆ ಐದು ಡಿಗ್ರಿ ಏರಿಸಿ. ಚಳಿ ಕಳೆದ ಮೇಲೆ ಮತ್ತೆ ಇಳಿಸಿ. ಒಮ್ಮೆ ಇಟ್ಟು ಮರೆಯುವ ಸಂಖ್ಯೆ ಅಲ್ಲ ಅದು.

ಇಲ್ಲಿ ಹೆಚ್ಚಿನವರು ಹೆದರುವ ಒಂದು ಘಟ್ಟ ಬರುತ್ತದೆ. ರೇಡಿಯೇಟರ್ ಮೇಲೆ ಕೈ ಇಟ್ಟರೆ ಮೊದಲಿನ ಹಾಗೆ ಸುಡುವುದಿಲ್ಲ. "ಬಾಯ್ಲರ್ ಹಾಳಾಗಿದೆ ಮಾರಾಯ" ಎಂದು ಯಾರೋ ಒಬ್ಬ ಮತ್ತೆ 80ಕ್ಕೆ ತಿರುಗಿಸುತ್ತಾನೆ. ಹಾಳಾಗಿಲ್ಲ. ಹೋಗುವ ನೀರು 60, ಬರುವ ನೀರು 45–50 ಆಗಿದ್ದಾಗ ಒಂದು ರೇಡಿಯೇಟರ್ ಕೊಡುವ ಶಾಖ, ಅದೇ ರೇಡಿಯೇಟರ್ 75ರಲ್ಲಿ ಕೊಡುವುದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಹಾಗಾಗಿ ಕೋಣೆ ಕಾಯಲು ಹೆಚ್ಚು ಹೊತ್ತು ಬೇಕು. ಆರು ಗಂಟೆಗೆ ಬೆಚ್ಚಗಾಗಬೇಕಾದರೆ ಐದೂವರೆಗೆ ಬದಲು ಐದಕ್ಕೇ ಟೈಮರ್ ಇಡಬೇಕು. "ಹೆಚ್ಚು ಹೊತ್ತು ಓಡಿದರೆ ಹೆಚ್ಚು ಗ್ಯಾಸ್ ಅಲ್ವಾ?" ಎಂಬ ಪ್ರಶ್ನೆ ಸಹಜ. ಅಲ್ಲ. ಕೋಣೆಗೆ ಬೇಕಾದ ಶಾಖ ಅಷ್ಟೇ. ಅದನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಕೊಟ್ಟರೆ ಹೊಗೆಯಲ್ಲಿ ಹೋಗುವ ಪಾಲು ಕಡಿಮೆ. 80ರಲ್ಲಿ ಇಟ್ಟ ಬಾಯ್ಲರ್ ಪಂಪ್‌ವೆಲ್ ಜಂಕ್ಷನ್‌ನಲ್ಲಿ ಸಿಕ್ಕಿಬಿದ್ದ ಕಾರಿನ ಹಾಗೆ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. 60ರಲ್ಲಿ ಇಟ್ಟದ್ದು ತಲಪಾಡಿ ದಾಟಿದ ಮೇಲೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದ ಹಾಗೆ.

ರೇಡಿಯೇಟರ್‌ಗೆ ಒರಗಿಸಿ ಸೋಫಾ, ಮಂಚ ಇಡುವುದು, ಉದ್ದದ ಪರದೆ ಅದರ ಮೇಲೆ ಇಳಿಬಿಡುವುದು — ಇವೆಲ್ಲ 60ರಲ್ಲಿ ಹೆಚ್ಚು ಬಾಧಿಸುತ್ತವೆ. ಸ್ವಲ್ಪ ಎಳೆದಿಟ್ಟರೆ ಸಾಕು. ರೇಡಿಯೇಟರ್‌ನ ಬದಿಯಲ್ಲಿ 1ರಿಂದ 5ರವರೆಗೆ ಸಂಖ್ಯೆ ಇರುವ ವಾಲ್ವ್ ಆಯಾ ಕೋಣೆಯದ್ದು. ಯಾರೂ ಮಲಗದ ಕೋಣೆಯದ್ದನ್ನು ಇಳಿಸಿಡಬಹುದು. ಥರ್ಮೋಸ್ಟಾಟ್ ಇರುವ ಜಾಗದ ರೇಡಿಯೇಟರ್‌ನಲ್ಲಿ ವಾಲ್ವ್ ಇದ್ದರೆ ಅದನ್ನು ಪೂರ್ತಿ ತೆರೆದಿಡಬೇಕು. ಇಲ್ಲದಿದ್ದರೆ ಆ ಜಾಗ ಬಿಸಿಯೇ ಆಗದೆ, ಥರ್ಮೋಸ್ಟಾಟ್ ಬಾಯ್ಲರನ್ನು ಸುಮ್ಮನೆ ಓಡಿಸುತ್ತಲೇ ಇರುತ್ತದೆ.

ಲಾಭ ಆಗಿದೆಯೋ ಇಲ್ಲವೋ ಎಂದು ಬಿಲ್ ಬರುವವರೆಗೆ ಕಾಯಬೇಕಾಗಿಲ್ಲ. ಒಂದೇ ರೀತಿಯ ಹವೆ ಇದ್ದ ಎರಡು ವಾರಗಳಲ್ಲಿ, ಮೊದಲು ಮತ್ತು ಅನಂತರ, ಗ್ಯಾಸ್ ಮೀಟರ್ ಬರೆದುಕೊಳ್ಳಿ. ಮೀಟರ್ ಘನ ಮೀಟರ್‌ನಲ್ಲಿ ತೋರಿಸುವುದಾದರೆ ಒಂದಕ್ಕೆ ಸುಮಾರು 11 ಯೂನಿಟ್ ಎಂದು ಲೆಕ್ಕ. ವಾರಕ್ಕೆ 18 ಘನ ಮೀಟರ್ ಹೋದರೆ ಹೆಚ್ಚುಕಮ್ಮಿ 200 ಯೂನಿಟ್. ತೀರಾ ಹಳೆಯ ಮೀಟರ್‌ಗಳು ಘನ ಅಡಿಯಲ್ಲಿರುತ್ತವೆ, ಅದನ್ನು ಮೊದಲು ನೋಡಿಕೊಳ್ಳಬೇಕು. ಇನ್ನೊಂದು ಮಾತು: ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಘೋಷಿಸುವ ದರ ಮಿತಿಯನ್ನು ಕೇಳಿ, ಬಿಲ್ ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ ಎಂದು ನಂಬಿದ ಹುಡುಗರಿದ್ದಾರೆ. ಮಿತಿ ಇರುವುದು ಯೂನಿಟ್‌ನ ದರಕ್ಕೆ ಮತ್ತು ದಿನದ ನಿಗದಿತ ಶುಲ್ಕಕ್ಕೆ. ಎಷ್ಟು ಉರಿಸುತ್ತೀರೋ ಅಷ್ಟು ಬಿಲ್ ಬಂದೇ ಬರುತ್ತದೆ.

ಗ್ಯಾಸ್ ಬೇಡ ಎಂದು ಕರೆಂಟ್ ಹೀಟರ್ ತಂದಿಟ್ಟುಕೊಳ್ಳುವವರೂ ಇದ್ದಾರೆ. ಬ್ರಿಟನ್‌ನಲ್ಲಿ ಕರೆಂಟ್‌ನ ಒಂದು ಯೂನಿಟ್‌ಗೆ ಗ್ಯಾಸ್‌ನ ಮೂರು–ನಾಲ್ಕು ಪಟ್ಟು ದರ. 2022ರ ಅಕ್ಟೋಬರ್‌ನಲ್ಲಿ ಸರಕಾರ ದರ ಹಿಡಿದಿಟ್ಟಾಗಲೂ ಗ್ಯಾಸ್ ಯೂನಿಟ್‌ಗೆ ಸುಮಾರು 10 ಪೆನ್ಸ್, ಕರೆಂಟ್‌ಗೆ 34 ಪೆನ್ಸ್ ಇತ್ತು. ಎರಡು ಕಿಲೋವಾಟ್‌ನ ಹೀಟರ್ ಐದು ಗಂಟೆ ಓಡಿದರೆ 10 ಯೂನಿಟ್. ಆ ದರದಲ್ಲಿ ಒಂದು ಸಂಜೆಗೆ, ಒಂದು ಕೋಣೆಗೆ 3 ಪೌಂಡ್ 40 ಪೆನ್ಸ್. ಮೂವರು ಮೂರು ಕೋಣೆಯಲ್ಲಿ ಹಾಕಿದರೆ ಎಷ್ಟಾಯಿತು ನೋಡಿ. ಮನೆಯಲ್ಲಿ ಒಬ್ಬನೇ ಇದ್ದು ಅರ್ಧ ಗಂಟೆ ಓದಲು ಕೂರುವುದಾದರೆ ಅದು ಬೇರೆ ಮಾತು.

ನಲ್ಲಿಯ ನೀರಿನಲ್ಲಿ ಎಚ್ಚರ

ಸ್ನಾನಕ್ಕೆ ನಮಗೆ ಬೇಕಾದ ನೀರು 40 ಡಿಗ್ರಿಯ ಆಸುಪಾಸು. ಬಾಯ್ಲರ್ ಅದನ್ನು 60ಕ್ಕೆ ಕಾಯಿಸಿ, ನಾವು ಅದಕ್ಕೆ ತಣ್ಣೀರು ಬೆರೆಸುವುದರಲ್ಲಿ ಅರ್ಥವಿಲ್ಲ. ಕಾಂಬಿ ಬಾಯ್ಲರ್ ಆದರೆ ನಲ್ಲಿಯ ಗುಂಡಿಯನ್ನು 50ರ ಹತ್ತಿರ ಇಟ್ಟರೆ ಪಾತ್ರೆ ತೊಳೆಯಲೂ ಸಾಕು. 60 ಡಿಗ್ರಿಯ ನೀರು ಮಗುವಿನ ಕೈ ಸುಡಲು ಕೆಲವೇ ಸೆಕೆಂಡು ಬೇಕು, ಹಸುಳೆ ಇರುವ ಮನೆಯವರಿಗೆ ಇದು ಉಳಿತಾಯಕ್ಕಿಂತ ದೊಡ್ಡ ಕಾರಣ.

ಆದರೆ ಮನೆಯಲ್ಲಿ ಬಿಸಿ ನೀರಿನ ಟ್ಯಾಂಕ್ ಇದ್ದರೆ ಲೆಕ್ಕ ಪೂರ್ತಿ ಬೇರೆ. ಸಾಮಾನ್ಯವಾಗಿ ಮೆಟ್ಟಿಲ ಮೇಲಿನ ಕಪಾಟಿನಲ್ಲಿ ದಪ್ಪ ಹೊದಿಕೆಯ ಸಿಲಿಂಡರ್ ಇರುತ್ತದೆ. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಷವರ್‌ನ ಸೂಕ್ಷ್ಮ ಹನಿಗಳ ಮೂಲಕ ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರಬಹುದು, ವಯಸ್ಸಾದವರಿಗೆ, ಸಿಗರೇಟ್ ಸೇದುವವರಿಗೆ ಅಪಾಯ ಹೆಚ್ಚು. ಅದಕ್ಕಾಗಿ ಟ್ಯಾಂಕ್‌ನ ನೀರು 60 ಡಿಗ್ರಿ ಮುಟ್ಟಲೇಬೇಕು. ಅದಾಗಲು ಬಾಯ್ಲರ್‌ನಿಂದ ಹೊರಡುವ ನೀರು ಅದಕ್ಕಿಂತ ಬಿಸಿ, ಕನಿಷ್ಠ 65 ಆದರೂ ಇರಬೇಕು. ಟ್ಯಾಂಕ್ ಇರುವ ಮನೆಯವರು ಎಂಜಿನಿಯರ್‌ನನ್ನು ಕೇಳದೆ ಬಾಯ್ಲರ್ ಇಳಿಸಬಾರದು.

ಕಾಂಬಿ ಬಾಯ್ಲರ್‌ಗಳಲ್ಲಿ ಪ್ರೀಹೀಟ್ ಅಥವಾ ಕಂಫರ್ಟ್ ಎಂಬ ಸ್ಥಿತಿಯೂ ಇರುವುದುಂಟು. ನಲ್ಲಿ ತೆರೆದ ತಕ್ಷಣ ಬಿಸಿ ನೀರು ಬರಲಿ ಎಂದು ಅದು ಹಗಲು ರಾತ್ರಿ ಒಳಗೆ ಸ್ವಲ್ಪ ನೀರನ್ನು ಬಿಸಿ ಇಟ್ಟುಕೊಂಡಿರುತ್ತದೆ. ಅದನ್ನು ಆರಿಸಿದರೆ ಬಿಸಿ ನೀರಿಗೆ ಇನ್ನಷ್ಟು ಸೆಕೆಂಡು ಕಾಯಬೇಕು, ಅಷ್ಟೇ ನಷ್ಟ. ಫಜ್ರ್‌ನ ಹೊತ್ತಿಗೆ ವುಝೂ ಮಾಡಲು ಒಬ್ಬೊಬ್ಬರೇ ಬಿಸಿ ನಲ್ಲಿ ತಿರುಗಿಸಿದರೆ ಪ್ರತಿ ಸಲ ಬಾಯ್ಲರ್ ಉರಿದು, ಬಿಸಿ ನೀರು ಪೈಪ್‌ನಲ್ಲೇ ಉಳಿದು ತಣಿಯುತ್ತದೆ. ಮನೆಯವರು ಒಬ್ಬರ ಹಿಂದೆ ಒಬ್ಬರು ಮಾಡಿದರೆ ಒಮ್ಮೆ ಬಂದ ಬಿಸಿ ನೀರು ಎಲ್ಲರಿಗೂ ಆಗುತ್ತದೆ.

ಕೋಣೆಯನ್ನು ತಣ್ಣಗಿಡುವುದು ಉಳಿತಾಯವಲ್ಲ

ಬಾಯ್ಲರ್ ನೀರಿನ ಉಷ್ಣತೆ ಇಳಿಸುವುದಕ್ಕೂ ಕೋಣೆಯ ಉಷ್ಣತೆ ಇಳಿಸುವುದಕ್ಕೂ ಇರುವ ವ್ಯತ್ಯಾಸ ಮುಖ್ಯವಾಗುವುದು ಇಲ್ಲಿ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು. ಮಕ್ಕಳು, ವಯಸ್ಸಾದವರು, ಉಬ್ಬಸ ಅಥವಾ ಹೃದಯದ ಕಾಯಿಲೆ ಇರುವವರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬೇಕಾಗಬಹುದು. ಮೊಮ್ಮಗುವನ್ನು ನೋಡಲು ಊರಿನಿಂದ ಹೋದ ಉಮ್ಮ, ಬಾಪ "ನಮಗೇನೂ ಚಳಿ ಇಲ್ಲ" ಎಂದು ಹೇಳಿಯೇ ಹೇಳುತ್ತಾರೆ. ಆ ಮಾತನ್ನು ನಂಬಬಾರದು, ಥರ್ಮೋಸ್ಟಾಟ್ ನೋಡಬೇಕು.

ತಣ್ಣನೆಯ ಮನೆಯ ಇನ್ನೊಂದು ಪರಿಣಾಮ ಗೋಡೆಯ ಮೇಲೆ ಕಾಣುತ್ತದೆ. ಮೂರು ನಾಲ್ಕು ಮಂದಿಯ ಉಸಿರು, ಅನ್ನ ಬೇಯಿಸುವ ಹಬೆ, ಒಳಗೇ ಒಣಗಿಸುವ ಬಟ್ಟೆ, ಎಲ್ಲದರ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಬಾಯ್ಲರ್‌ನೊಳಗೆ ನಮಗೆ ಬೇಕಾದದ್ದು ಗೋಡೆಯ ಮೇಲೆ ಬೇಡವಾದದ್ದಾಗುತ್ತದೆ. ಕೆಲವೇ ವಾರದಲ್ಲಿ ಕಪ್ಪು ಬೂಷ್ಟು. ಕಿಟಕಿಯ ಮೇಲಂಚಿನ ಸಣ್ಣ ಗಾಳಿಕಂಡಿಗಳನ್ನು ಚಳಿಗೆ ಹೆದರಿ ಮುಚ್ಚಬಾರದು. ಅಡುಗೆ ಮಾಡುವಾಗ, ಸ್ನಾನದ ಅನಂತರ ಎಕ್ಸಾಸ್ಟ್ ಫ್ಯಾನ್ ಓಡಬೇಕು. ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ ಹರವಿದರೆ ಕೋಣೆಗೆ ಬರುವ ಶಾಖವೂ ಹೋಯಿತು, ತೇವವೂ ಬಂತು.

ಹಾಗೆಂದು ಬೂಷ್ಟಿಗೆಲ್ಲ ಬಾಡಿಗೆದಾರರೇ ಕಾರಣ ಎಂದು ಒಪ್ಪಿಕೊಳ್ಳಬೇಕಾಗಿಲ್ಲ. ರಾಕ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಸ್ಹಾಕ್ ಎಂಬ ಎರಡು ವರ್ಷದ ಸುಡಾನ್ ಮೂಲದ ಮಗು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಫ್ಲಾಟ್‌ನ ಬೂಷ್ಟಿನ ಬಗ್ಗೆ ತಂದೆ ಮತ್ತೆ ಮತ್ತೆ ದೂರು ಕೊಟ್ಟಿದ್ದರು. ನಿಮ್ಮ ಜೀವನ ಶೈಲಿಯೇ ಕಾರಣ ಎಂಬ ಧಾಟಿಯ ಉತ್ತರ ಅವರಿಗೆ ಸಿಕ್ಕಿತ್ತು. ಬೂಷ್ಟೇ ಸಾವಿಗೆ ಕಾರಣ ಎಂದು 2022ರ ನವೆಂಬರ್‌ನಲ್ಲಿ ತನಿಖೆಯ ತೀರ್ಪು ಬಂತು. ಆ ಮಗುವಿನ ಹೆಸರಿನ ಕಾನೂನು ಈಗ ಇಂಗ್ಲೆಂಡಿನ ಸಾರ್ವಜನಿಕ ವಸತಿಗಳಲ್ಲಿ ಜಾರಿಯಲ್ಲಿದೆ, ದೂರು ಬಂದರೆ ನಿಗದಿತ ಅವಧಿಯೊಳಗೆ ಪರಿಶೀಲಿಸಿ ಸರಿಪಡಿಸಬೇಕು. ಖಾಸಗಿ ಬಾಡಿಗೆ ಮನೆಯಾದರೂ ಬೂಷ್ಟು ಕಂಡರೆ ಫೋಟೊ ಸಹಿತ ಬರವಣಿಗೆಯಲ್ಲಿ ತಿಳಿಸುವುದು ಒಳ್ಳೆಯದು. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಗ್ಯಾಸ್‌ನ ವಿಷಯದಲ್ಲಿ ಬಾಡಿಗೆದಾರರ ಹಕ್ಕು ಇನ್ನೂ ಸ್ಪಷ್ಟ. ಮನೆ ಮಾಲಕರು ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ನೋಂದಣಿ ಇರುವ ಎಂಜಿನಿಯರ್‌ನಿಂದ ಬಾಯ್ಲರ್ ಪರೀಕ್ಷೆ ಮಾಡಿಸಿ, ಪ್ರಮಾಣಪತ್ರದ ಪ್ರತಿ ಕೊಡಬೇಕು. 2022ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡುವುದೂ ಅವರ ಹೊಣೆ. ಈ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮನೆಯಲ್ಲಿ ಇದ್ದಾಗ ತಲೆನೋವು, ವಾಕರಿಕೆ, ಹೊರಗೆ ಹೋದಾಗ ಸರಿಯಾಗುವುದು ಅದರ ಗುರುತು. ಚಳಿ ಎಂದು ಬಾರ್ಬೆಕ್ಯೂ ಕೆಂಡವನ್ನು ಕೋಣೆಯೊಳಗೆ ತಂದಿಟ್ಟು ಮಲಗುವುದು ಸಾವಿಗೆ ದಾರಿ, ಇದರಲ್ಲಿ ಎರಡು ಮಾತಿಲ್ಲ. ಗ್ಯಾಸ್ ವಾಸನೆ ಬಂದರೆ ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 0800 111 999ಕ್ಕೆ ಕರೆ ಮಾಡಬೇಕು. ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಉಚಿತ.

ಡಿಸೆಂಬರ್ ರಜೆಗೆ ಊರಿಗೆ ಹೊರಡುವವರು ಬಾಯ್ಲರನ್ನು ಪೂರ್ತಿ ಆರಿಸಿ ಬರುವುದುಂಟು. ಹಿಮ ಬಿದ್ದ ವಾರ ಪೈಪ್‌ನ ನೀರು ಹೆಪ್ಪುಗಟ್ಟಿ ಒಡೆದರೆ, ಉಳಿಸಿದ ಗ್ಯಾಸ್‌ನ ನೂರು ಪಟ್ಟು ಖರ್ಚು ಬರುತ್ತದೆ. ಥರ್ಮೋಸ್ಟಾಟನ್ನು 10–12ಕ್ಕೆ ಇಳಿಸಿ, ಬಾಯ್ಲರ್ ಚಾಲೂ ಇಟ್ಟೇ ಬರಬೇಕು. ಮನೆಯಲ್ಲೇ ಉಳಿದವರಿಗೆ ಕಡು ಚಳಿಯ ಬೆಳಗ್ಗೆ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತುಹೋದರೆ, ಹೆಚ್ಚಾಗಿ ಆ ಸಣ್ಣ ಪ್ಲಾಸ್ಟಿಕ್ ಪೈಪ್‌ನ ಹೊರಗಿನ ಭಾಗ ಹೆಪ್ಪುಗಟ್ಟಿರುತ್ತದೆ. ಪೈಪ್ ಕೈಗೆಟುಕುವಷ್ಟು ಕೆಳಗಿದ್ದರೆ ಅದರ ಮೇಲೆ ಬೆಚ್ಚಗಿನ ನೀರು, ಕುದಿಯುವ ನೀರಲ್ಲ, ನಿಧಾನವಾಗಿ ಹೊಯ್ದು, ಬಾಯ್ಲರ್‌ನ ರೀಸೆಟ್ ಗುಂಡಿ ಒತ್ತಿದರೆ ಮತ್ತೆ ಉರಿ ಹತ್ತುತ್ತದೆ. ಎರಡು ಮೂರು ಸಲ ಒತ್ತಿಯೂ ಹತ್ತದಿದ್ದರೆ ಮನೆ ಮಾಲಕರಿಗೆ ಫೋನ್ ಮಾಡಿ ಎಂಜಿನಿಯರ್‌ನನ್ನು ಕರೆಸಬೇಕು.